ಲೀ ಕ್ರಾಸ್ನರ್ ಅವರಿಗೂ ಒಂದು ಪುಟ ಬೇಕು

ಮಾನ್ಯ ಸಂಪಾದಕರೇ,

ಅಮೂರ್ತ ಚಿತ್ರಕಲೆ ಕುರಿತ ಭಾನುವಾರದ ಪುರವಣಿ ಲೇಖನದಲ್ಲಿ ಅಮೆರಿಕದ ಚಿತ್ರಕಲಾವಿದೆ ಲೀ ಕ್ರಾಸ್ನರ್ ಅವರನ್ನು ಹೆಸರಾಂತ ಚಿತ್ರಕಾರ ಜಾಕ್ಸನ್ ಪೊಲಾಕ್ ಅವರ ಪತ್ನಿ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಬೇಸರ ತಂದಿತು. 1945ರಲ್ಲಿ ಮದುವೆಯಾಗುವ ಮೊದಲೇ ಅವರು ನ್ಯೂಯಾರ್ಕ್‌ನ ಹೊಸ ಕಲಾವಿದರ ನಡುವೆ ಹೆಸರು ಮಾಡಿದ್ದರು. ಆಮೇಲೆ ಲಾಂಗ್ ಐಲೆಂಡ್‌ನ ಮನೆಯಲ್ಲಿ ಪೊಲಾಕ್ ಅವರಿಗೆ ದೊಡ್ಡ ಕೊಟ್ಟಿಗೆಯೇ ಸ್ಟುಡಿಯೊ ಆಯಿತು, ಇವರಿಗೆ ಸಿಕ್ಕಿದ್ದು ಮಹಡಿ ಮೇಲಿನ ಕೋಣೆ. ಅಲ್ಲೇ ಕೆಲಸ ಮಾಡಿದರು. ತಮ್ಮದೇ ಹಳೆಯ ಚಿತ್ರಗಳನ್ನು ಹರಿದು, ತುಂಡುಗಳನ್ನು ಅಂಟಿಸಿ ಕೊಲಾಜ್ ಕಟ್ಟಿದರು. ಎಷ್ಟು ಜನರಿಗೆ ಆ ಧೈರ್ಯ ಇರುತ್ತದೆ?

1956ರಲ್ಲಿ ಪೊಲಾಕ್ ಕಾರು ಅಪಘಾತದಲ್ಲಿ ತೀರಿಕೊಂಡರು. ಮರುವರ್ಷವೇ ಕ್ರಾಸ್ನರ್ ‘ದಿ ಸೀಸನ್ಸ್’ ಚಿತ್ರ ಬರೆದರು. ಐದು ಮೀಟರಿಗೂ ಜಾಸ್ತಿ ಅಗಲದ ಕ್ಯಾನ್ವಾಸ್, ಅದರ ತುಂಬ ಗುಲಾಬಿ, ಹಸಿರು ಬಣ್ಣದ ಉಬ್ಬಿದ ಆಕಾರಗಳು. ಮುಂದೆ ನಿದ್ದೆ ಬಾರದ ರಾತ್ರಿಗಳಲ್ಲಿ ಕಂದು, ಬಿಳಿ ಬಣ್ಣಗಳಲ್ಲೇ ಚಿತ್ರ ಬರೆದರು. ದೀಪದ ಬೆಳಕಿನಲ್ಲಿ ಬೇರೆ ಬಣ್ಣ ಹಚ್ಚುವುದು ಅವರಿಗೆ ಇಷ್ಟವಿರಲಿಲ್ಲ.

ಅವರ ಕೆಲಸದ ಬಗ್ಗೆಯೇ ಒಂದು ಪುಟದ ಲೇಖನವನ್ನು, ಬಣ್ಣದ ಚಿತ್ರಗಳ ಸಮೇತ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗಿ, ಮೈಸೂರು