ಹಳೇ ಸ್ವೆಟರ್ ಯಾಕೆ ಅಂತ ಕೇಳಿದೆಯಲ್ಲ ಅಮ್ಮ

ಆಕ್ಸ್‌ಫರ್ಡ್

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ತೋಟದಲ್ಲಿ ಅರೇಬಿಕಾ ಕಾಫಿ ಕೊಯ್ಲು ಶುರುವಾಯಿತು, ಆಳುಗಳೂ ಸಿಕ್ಕಿದರು ಅಂತ ತಮ್ಮ ಹೇಳಿದ. ಕಣದಲ್ಲಿ ಬೀಜ ಹರಡಿರುವಾಗ ಮಳೆ ಬಾರದಿದ್ದರೆ ಸಾಕು.

ಅಮ್ಮ, ಮೊನ್ನೆ ವಿಡಿಯೋ ಕಾಲ್‌ನಲ್ಲಿ ನನ್ನ ಸ್ವೆಟರ್ ನೋಡಿ, "ಯಾರೋ ಹಾಕಿ ಬಿಟ್ಟಿದ್ದನ್ನ ನೀನ್ಯಾಕೆ ಹಾಕ್ಕೋತೀಯ, ಸಂಬಳ ಸಾಕಾಗಲ್ವಾ?" ಅಂತ ಕೇಳಿದೆ. ಸಂಬಳ ಧಾರಾಳವಾಗಿ ಸಾಕಾಗುತ್ತದೆ. ಬೇಕು ಅಂತಲೇ ಆ ಅಂಗಡಿಗೆ ಹೋದೆ. ಅದರ ಕತೆ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಅಂಗಡಿ ಹಸಿವು, ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಸಂಸ್ಥೆಯದು. ಸಂಸ್ಥೆ ಹುಟ್ಟಿದ್ದು ಇದೇ ಊರಲ್ಲಿ, 1942ರಲ್ಲಿ. ಆಗ ಯುದ್ಧದ ಕಾಲ. ಗ್ರೀಸ್ ದೇಶ ಜರ್ಮನಿ ಕಡೆಯವರ ಕೈಗೆ ಸಿಕ್ಕಿತ್ತು. ಬ್ರಿಟನ್ ಕಡೆಯವರು ಹಡಗುಗಳನ್ನು ತಡೆದಿದ್ದರಿಂದ ಹೊರಗಿನ ಕಾಳುಕಡ್ಡಿಯೂ ಒಳಗೆ ಹೋಗುತ್ತಿರಲಿಲ್ಲ. ಜನ ಹಸಿವಿನಿಂದ ಸಾಯುತ್ತಿದ್ದರು. ಸ್ವಂತ ಸರ್ಕಾರವೇ ತಡೆದಿದ್ದರೂ ಅಲ್ಲಿಗೆ ಊಟ ಕಳಿಸಲೇಬೇಕು ಅಂತ ಇಲ್ಲಿನ ಕೆಲವರು ಸಮಿತಿ ಕಟ್ಟಿದರು. ಆ ಧೈರ್ಯ ನನಗೆ ತುಂಬ ದೊಡ್ಡದು ಅನಿಸುತ್ತದೆ. ಯುದ್ಧ ಮುಗಿದ ಮೇಲೆ ಬ್ರಾಡ್ ಸ್ಟ್ರೀಟ್‌ನಲ್ಲಿ ಅಂಗಡಿ ತೆರೆದರು. 1951ರಲ್ಲಿ ಬಿಹಾರದಲ್ಲಿ ಬರ ಬಿದ್ದಾಗ ನಮ್ಮ ದೇಶಕ್ಕೂ ಸಹಾಯ ಕಳಿಸಿದರು.

ಅಂಗಡಿಗೆ ಜನ ತಮಗೆ ಬೇಡವಾದ ಬಟ್ಟೆ, ಪುಸ್ತಕ, ಪಾತ್ರೆ ತಂದು ಕೊಡುತ್ತಾರೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಸಂಬಳ ಇಲ್ಲದೆ ಬಂದವರು. ಹಿಂದಿನ ಕೋಣೆಯಲ್ಲಿ ವಯಸ್ಸಾದ ಒಬ್ಬ ಹೆಂಗಸು ಒಂದೊಂದೇ ಕೋಟಿನ ಜೇಬಿಗೆ ಕೈ ಹಾಕಿ ನೋಡುತ್ತಾರೆ, ಗುಂಡಿ ಬಿಟ್ಟಿದೆಯಾ ಅಂತ ಪರೀಕ್ಷಿಸುತ್ತಾರೆ, ಹಬೆ ಹಾಯಿಸಿ ಸುಕ್ಕು ತೆಗೆದು ನೇತು ಹಾಕುತ್ತಾರೆ. ಹಾಗಾಗಿ ಗಲೀಜಿನ ಭಯ ಬೇಡ ಅಮ್ಮ. ನಾನೂ ಒಗೆದೇ ಹಾಕಿಕೊಂಡದ್ದು. ಕೊಟ್ಟವರು ಇಲ್ಲಿ ತೆರಿಗೆ ಕಟ್ಟುವವರಾಗಿದ್ದು ಒಂದು ಫಾರಂಗೆ ಸಹಿ ಹಾಕಿದ್ದರೆ, ಆ ಸಾಮಾನು ಮಾರಿ ಬಂದ ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಬಾಡಿಗೆ, ಕರೆಂಟು ಕಳೆದು ಉಳಿದದ್ದು ಸಂಸ್ಥೆಯ ಕೆಲಸಕ್ಕೆ.

ವಿಶ್ವಸಂಸ್ಥೆಯ ಅಂದಾಜಿನಲ್ಲಿ 2024ರಲ್ಲಿ ಹಸಿದಿದ್ದವರು ಸುಮಾರು 67 ಕೋಟಿ ಜನ. ಒಂದು ಸ್ವೆಟರ್ ಅದಕ್ಕೆ ಎಲ್ಲಿ ಸಾಲುತ್ತದೆ, ನಿಜ. ಆದರೆ ಈ ಚಳಿಗೆ ಸ್ವೆಟರ್ ಹೇಗೂ ತಗೊಳ್ಳಲೇಬೇಕಿತ್ತು. ಅಜ್ಜಿ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರಲ್ಲ, ಇದೂ ಹಾಗೇ. ದಿನದ ಖರ್ಚಿನೊಳಗೇ ಇನ್ನೊಬ್ಬರ ಪಾಲು ಹೋಗಿಬಿಡುತ್ತದೆ.

ಅಪ್ಪ, ಇದು ನಿಮಗೆ. ಇಲ್ಲಿ ಫೇರ್‌ಟ್ರೇಡ್ ಗುರುತಿನ ಕಾಫಿ ಪುಡಿ ಸಿಗುತ್ತದೆ, ಅಂದರೆ ಬೆಳೆಗಾರರ ಸಂಘಕ್ಕೆ ಒಂದು ಕನಿಷ್ಠ ಬೆಲೆ ಕೊಟ್ಟು ಕೊಂಡದ್ದು. 2001ರಲ್ಲಿ ರೇಟು ಬಿದ್ದು ಬೆಳೆಗಾರರೆಲ್ಲ ಕಂಗಾಲಾದರಲ್ಲ, ಆಗ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಒಂದು ಪೌಂಡ್ ತೂಕಕ್ಕೆ 50 ಸೆಂಟ್‌ಗಿಂತ ಕೆಳಗೆ ಇಳಿದಿತ್ತು. ಅದೇ ಹೊತ್ತಿನಲ್ಲಿ ಪಲ್ಪ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಬೀಜಕ್ಕೆ ಫೇರ್‌ಟ್ರೇಡ್ ಲೆಕ್ಕದಲ್ಲಿ 1.26 ಡಾಲರ್ ಕೊಡಬೇಕಿತ್ತು. ಅದರಲ್ಲಿ 5 ಸೆಂಟ್ ಊರಿನ ಶಾಲೆ, ನೀರು ಇಂಥದ್ದಕ್ಕೆ. ಮಾರುಕಟ್ಟೆ ಬಿದ್ದರೂ ಕನಿಷ್ಠ ಬೆಲೆ ಕೆಳಗಿಳಿಯುವುದಿಲ್ಲ, ಅದೇ ಇದರ ಜೀವಾಳ. ಬೆಳೆದವನ ಒಲೆ ಉರಿಯಬೇಕಾದರೆ ಬೆಲೆ ನಿಲ್ಲಬೇಕು, ಇದನ್ನ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಕೊರತೆಯೂ ಇದೆ. ಕಾಫಿಯಲ್ಲಿ ಇದು ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ. ಸಂಘದ ಬೀಜವೆಲ್ಲ ಈ ಬೆಲೆಗೆ ಹೋಗುವುದೂ ಇಲ್ಲ, ಆ ಗುರುತಿನಲ್ಲಿ ಕೊಳ್ಳುವವರು ಇದ್ದಷ್ಟೇ. ಆದ್ದರಿಂದಲೇ ನಾನು ಆ ಪ್ಯಾಕೆಟ್ಟೇ ಕೊಳ್ಳುತ್ತೇನೆ.

ಸೂಪರ್‌ಮಾರ್ಕೆಟ್ ಬಾಗಿಲಲ್ಲಿ, ಇಲ್ಲದವರಿಗೆ ಪುಕ್ಕಟೆ ದಿನಸಿ ಹಂಚುವ ಫುಡ್ ಬ್ಯಾಂಕಿನ ದೊಡ್ಡ ಡಬ್ಬ ಇಟ್ಟಿರುತ್ತಾರೆ. ಇಷ್ಟು ಶ್ರೀಮಂತ ದೇಶದಲ್ಲೂ ಅದರ ಅನ್ನಕ್ಕೆ ಕಾಯುವವರಿದ್ದಾರೆ. ನನ್ನ ಸಾಮಾನಿನ ಜೊತೆ ಒಂದು ಡಬ್ಬಿ ಬೀನ್ಸ್ ತಗೊಂಡು ಅದರಲ್ಲಿ ಹಾಕಿ ಬರುತ್ತೇನೆ.

ಕೆಲವು ಬಿಸ್ಕತ್ತು, ಚಾಕಲೇಟಿನ ಮೇಲೆ ಲಾಭದಲ್ಲಿ ಒಂದು ಪಾಲು ಹಸಿದ ಮಕ್ಕಳಿಗೆ ಅಂತ ಬರೆದಿರುತ್ತದೆ. ಎಷ್ಟು ಪಾಲು, ಯಾರ ಕೈಗೆ ಅಂತ ಇಲ್ಲದಿದ್ದರೆ ಅಲ್ಲೇ ಇಟ್ಟು ಬರುತ್ತೇನೆ. ಬೇಡದ ತಿಂಡಿ ಕೊಂಡು ಪುಣ್ಯ ಮಾಡಿದೆ ಅನ್ನುವುದಕ್ಕಿಂತ ಅದೇ ದುಡ್ಡು ನೇರ ಕೊಡೋದು ವಾಸಿ, ಅಲ್ವಾ?

ಈಗ ನನ್ನ ಒಂದು ಕೋರಿಕೆ. ಹಪ್ಪಳ, ಉಪ್ಪಿನಕಾಯಿ, ಸಾರಿನಪುಡಿಯನ್ನ ಇನ್ನು ಮೇಲೆ ಊರಿನ ಸ್ತ್ರೀಶಕ್ತಿ ಸಂಘದವರ ಹತ್ತಿರವೇ ತಗೊಳ್ಳಿ. ಸ್ವಲ್ಪ ಜಾಸ್ತಿ ಆದರೂ ಚೌಕಾಸಿ ಬೇಡ. ಜೋರು ಮಳೆಗೆ ತೋಟದ ಕೆಲಸ ನಿಂತಾಗ ಆಳುಗಳಿರುವ ಲೈನಿನ ಮನೆಗಳಲ್ಲಿ ಕೂಲಿ ಇರುವುದಿಲ್ಲ. ರೇಷನ್ ಅಕ್ಕಿ ಬರುತ್ತದೆ, ಆದರೆ ಬೇಳೆ, ಎಣ್ಣೆಗೆ ಏನು ಮಾಡುತ್ತಾರೆ? ಚಿಕ್ಕಮಗಳೂರಿಗೆ ಸಾಮಾನಿಗೆ ಹೋದಾಗ ಮನೆಗೆ ತರುವುದರ ಜೊತೆಗೇ ಅವರಿಗೂ ತಂದಿಡಿ. ಆ ಖರ್ಚು ನನ್ನದು, ತಮ್ಮನ ಅಕೌಂಟಿಗೆ ಈ ತಿಂಗಳಿಂದಲೇ ಹಾಕುತ್ತೇನೆ. ಎಷ್ಟು ಮನೆ, ಎಷ್ಟು ಬೇಕು ಅಂತ ಅವನೇ ಕೇಳಿ ಲೆಕ್ಕ ಕಳಿಸಲಿ.

ಅಪ್ಪನ ಮಂಡಿನೋವು ಹೇಗಿದೆ ತಿಳಿಸಿ.

ನಿಮ್ಮ ಪ್ರೀತಿಯ ಮಗಳು