ಹಳೆಯ ವಾಲ್ವ್ ಟ್ರಾನ್ಸ್‌ಮಿಟರ್ ರಿಪೇರಿಗೆ ನೆರವು ಕೋರಿ

ಹ್ಯಾಮ್ ಗೆಳೆಯರೇ, ಹಳೆಯ ವಿದ್ಯಾರ್ಥಿಗಳೇ, ಪೋಷಕರೇ,

ನಮಸ್ಕಾರ. ನಮ್ಮ ಶಾಲಾ ಟ್ರಸ್ಟಿನ ಹ್ಯಾಮ್ ರೇಡಿಯೋ (ಹವ್ಯಾಸಿ ರೇಡಿಯೋ) ಕ್ಲಬ್ಬಿಗೆ ಒಂದು ಹೀತ್‌ಕಿಟ್ ಡಿಎಕ್ಸ್-60 ಟ್ರಾನ್ಸ್‌ಮಿಟರ್ ಬಂದಿದೆ. ರೇಡಿಯೋ ಸಂಕೇತ ಕಳಿಸುವ ಸೆಟ್ ಇದು, 1960ರ ದಶಕದ ಆರಂಭದ ಮಾಡೆಲ್. ಅದು ಮತ್ತೆ ಮಾತಾಡುವಂತೆ ಮಾಡಲು ನಿಮ್ಮ ದೇಣಿಗೆ ಬೇಕಾಗಿದೆ.

ಇದು ಕಿಟ್ ಆಗಿ ಮಾರಾಟವಾಗುತ್ತಿದ್ದ ಸೆಟ್. ಬಿಡಿಭಾಗಗಳೂ ಪುಸ್ತಕವೂ ಡಬ್ಬದಲ್ಲಿ ಬರುತ್ತಿದ್ದವು, ಕೊಂಡವರೇ ಕೂತು ಬೆಸುಗೆ ಹಾಕಿ ಜೋಡಿಸಬೇಕಿತ್ತು. ತಳ ಬಿಚ್ಚಿ ನೋಡಿದರೆ ಜೋಡಿಸಿದವರ ಕೈ ಈಗಲೂ ಗೊತ್ತಾಗುತ್ತದೆ. ಒಂದು ಕಡೆ ಬೆಸುಗೆ ನುಣ್ಣಗೆ ಹೊಳೆಯುತ್ತದೆ, ಇನ್ನೊಂದು ಮೂಲೆಯಲ್ಲಿ ಮುದ್ದೆಯಾಗಿ ಕೂತಿದೆ. ಆ ಮುದ್ದೆಗಳ ಮೇಲೇ ನಮಗೆ ಪ್ರೀತಿ ಜಾಸ್ತಿ. ಯಾರೋ ಕಲಿಯುತ್ತಿದ್ದರು, ಅಲ್ವಾ!

ಸಂಕೇತಕ್ಕೆ ಬಲ ತುಂಬುವ ಕೊನೆಯ ಹಂತದಲ್ಲಿರುವುದು ಒಂದೇ ಒಂದು ವಾಲ್ವ್ (ಗಾಜಿನ ಎಲೆಕ್ಟ್ರಾನ್ ಕೊಳವೆ), ಹೆಸರು 6146. ಅದರ ಗಾಜಿನ ಒಳಗಿನ ಬೆಳ್ಳಿ ಬಣ್ಣದ ಲೇಪ ಇನ್ನೂ ಹೊಳೆಯುತ್ತಿದೆ. ಒಳಗೆ ಗಾಳಿ ಹೊಕ್ಕಿದ್ದರೆ ಆ ಲೇಪ ಹಾಲಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಹಾಗಾಗಿ ಆಸೆ ಇದೆ.

ತೊಂದರೆ ಇರುವುದು ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ. "ಪ್ಲಗ್ ಹಾಕಿ ನೋಡೇ ಬಿಡೋಣ" ಅಂದವರೂ ಇದ್ದಾರೆ. ಖಂಡಿತ ಬೇಡ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೊಳಗೇ ಒಣಗಿರುತ್ತದೆ, ಕರೆಂಟ್ ತಡೆಯುವ ತೆಳು ಪದರವೂ ಸವೆದಿರುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಕಾದು ಸಿಡಿಯಬಹುದು, ಹೋಗುವಾಗ ಟ್ರಾನ್ಸ್‌ಫಾರ್ಮರನ್ನೂ ಕರೆದುಕೊಂಡು ಹೋಗಬಹುದು. ಉಳಿದ ಭಾಗ ಹೇಗಾದರೂ ಹುಡುಕಬಹುದು. ಅದೇ ಟ್ರಾನ್ಸ್‌ಫಾರ್ಮರ್ ಮತ್ತೆ ಸಿಗುವುದು ಕಷ್ಟ. ಅದಕ್ಕೇ ಮೊದಲು ಕೆಪಾಸಿಟರ್ ಬದಲಿಸಿ, ಆಮೇಲೆ ವೇರಿಯಾಕ್ (ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಟ್ರಾನ್ಸ್‌ಫಾರ್ಮರ್) ಮೂಲಕ ವೋಲ್ಟೇಜನ್ನು ನಿಧಾನವಾಗಿ ಏರಿಸಬೇಕು. ಹಳೆಯ ಕಾರ್ಬನ್ ರೆಸಿಸ್ಟರ್‌ಗಳ ರೋಧವೂ ವಯಸ್ಸಾದಂತೆ ಏರಿರುತ್ತದೆ, ಒಂದೊಂದನ್ನೂ ಅಳೆಯಬೇಕು.

ಇನ್ನೊಂದು ಮಾತು. 6146ರ ಪ್ಲೇಟಿಗೆ (ಒಳಗಿನ ಲೋಹದ ತಟ್ಟೆಗೆ) ಹೋಗುವುದು ಸುಮಾರು 600 ವೋಲ್ಟ್. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಅದು ಉಳಿಯುತ್ತದೆ. ಅದನ್ನು ಇಳಿಸುವ ಬ್ಲೀಡರ್ ರೆಸಿಸ್ಟರ್ ಕೈಕೊಟ್ಟಿದ್ದರೆ ಮುಟ್ಟಿದವರ ಗತಿ ಹೇಳಬೇಕಾಗಿಲ್ಲ. ಮಕ್ಕಳು ಓಡಾಡುವ ಜಾಗ. ಹೊಸ ಬ್ಲೀಡರ್, ಫ್ಯೂಸ್, ಅರ್ಥ್ ಇರುವ ಮೂರು ಪಿನ್ನಿನ ಕಾರ್ಡ್, ಇದರಲ್ಲಿ ಚೌಕಾಸಿ ಇಲ್ಲ.

ನಿಮ್ಮ ಹಣ ಹೋಗುವುದು ಇವಕ್ಕೇ, ಜೊತೆಗೆ ಒಂದು ಸ್ಪೇರ್ 6146 ಮತ್ತು ಪರೀಕ್ಷೆಯಲ್ಲಿ ಆಂಟೆನಾದ ಬದಲು ಜೋಡಿಸುವ 50 ಓಮ್‌ನ ಡಮ್ಮಿ ಲೋಡ್‌ಗೆ. ಬಣ್ಣ ಹೊಡೆಸುವುದಿಲ್ಲ. ಮುಂದಿನ ಪ್ಯಾನೆಲ್ಲಿನ ಗೀರುಗಳು ಹಾಗೇ ಇರಲಿ. ಅಂದರೆ ನೀವು ಕೊಟ್ಟದ್ದು ಹೊರಗಿನಿಂದ ಕಾಣುವುದೇ ಇಲ್ಲ, ಮೊದಲೇ ಹೇಳಿಬಿಡುತ್ತೇವೆ!

ಇಷ್ಟೆಲ್ಲ ಯಾಕೆ? ಈಗಿನ ಸೆಟ್‌ಗಳು ತಮ್ಮನ್ನು ತಾವೇ ಟ್ಯೂನ್ ಮಾಡಿಕೊಳ್ಳುತ್ತವೆ. ಇದರಲ್ಲಿ ನಾಬ್ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಮೀಟರಿನ ಮುಳ್ಳು ತಟ್ಟನೆ ಕೆಳಗಿಳಿಯುತ್ತದೆ. ರೆಸೊನೆನ್ಸ್ (ಅನುರಣನ), ಅಂದರೆ ಸರ್ಕ್ಯೂಟ್ ಸಂಕೇತದ ಫ್ರೀಕ್ವೆನ್ಸಿಗೆ ಸರಿಯಾಗಿ ಹೊಂದಿದ ಜಾಗ, ಅದೇ. ಬೋರ್ಡಿನ ಮೇಲೆ ಎಷ್ಟು ಬರೆದರೂ ಮಕ್ಕಳಿಗೆ ಅಷ್ಟು ಸಲೀಸಾಗಿ ಹತ್ತುವುದಿಲ್ಲ. ಆನ್ ಏರ್ ಹೋದಾಗ ಕೀ ಒತ್ತುವುದು ಲೈಸೆನ್ಸ್ ಇರುವವರು ಮಾತ್ರ. ಮಕ್ಕಳು ಪಕ್ಕದಲ್ಲಿ ಕೂತು ಮೀಟರ್ ನೋಡುತ್ತಾರೆ, ಲಾಗ್ (ಸಂಪರ್ಕಗಳ ದಾಖಲೆ) ಬರೆಯುತ್ತಾರೆ.

ಹಣವೇ ಆಗಬೇಕೆಂದಿಲ್ಲ. ಡ್ರಾಯರಿನಲ್ಲಿ ಬಿದ್ದಿರುವ, ಫ್ರೀಕ್ವೆನ್ಸಿ ನಿಗದಿ ಮಾಡುವ ಎಫ್‌ಟಿ-243 ಕ್ರಿಸ್ಟಲ್, ಬಳಸದ ವೇರಿಯಾಕ್, ಹಳೆಯ ಮೋರ್ಸ್ ಕೀ ಇದ್ದರೆ ಕೊಡಿ. ಹೈ ವೋಲ್ಟೇಜ್ ಕೆಲಸ ಬಲ್ಲವರು ಬಿಡುವಿನಲ್ಲಿ ಬಂದು ಕೂತರೆ ಅದು ಎಲ್ಲಕ್ಕಿಂತ ದೊಡ್ಡದು.

ದೇಣಿಗೆಯನ್ನು ಟ್ರಸ್ಟ್ ಕಚೇರಿಯಲ್ಲಿ ಕೊಟ್ಟು ತಪ್ಪದೆ ರಸೀದಿ ಪಡೆಯಿರಿ. ತೆಗೆದ ಹಳೆಯ ಭಾಗಗಳನ್ನು ಚೀಟಿ ಅಂಟಿಸಿ ಡಬ್ಬದಲ್ಲಿ ಇಡುತ್ತೇವೆ. ಖರ್ಚಿನ ಲೆಕ್ಕದ ಪುಸ್ತಕ ಅದರ ಪಕ್ಕದಲ್ಲೇ ಇರುತ್ತದೆ, ಯಾವಾಗ ಬೇಕಾದರೂ ಬಂದು ತೆರೆದು ನೋಡಬಹುದು.

ಇಂತಿ,
ಟ್ರಸ್ಟ್ ಹಾಗೂ ಹ್ಯಾಮ್ ಕ್ಲಬ್ ಬಳಗ