ಎಂಟು ನಂಬರು, ಏಳು ಎಣಿಕೆ: ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ರಾತ್ರಿ ಫೋನಲ್ಲಿ "ಅಪ್ಪಾ, ಬೇಸ್ ಗಿಟಾರಲ್ಲಿ 'ಮನಿ' ಹಾಡನ್ನ ಟ್ಯಾಬಲ್ಲಿ ಇರೋ ಹಾಗೇ ನುಡಿಸ್ತಿದೀನಿ, ಒಂದು ನಂಬರೂ ತಪ್ಪಿಲ್ಲ, ಆದ್ರೂ ಆ ಹಾಡು ಅನ್ನಿಸ್ತಾನೇ ಇಲ್ಲ" ಅಂತ ಅತ್ತೆಯಲ್ಲ, ಆಗ ನಂಗೆ ಸರಿಯಾಗಿ ಹೇಳೋಕಾಗ್ಲಿಲ್ಲ, ನಿನ್ನ ಹಾಸ್ಟೆಲಲ್ಲಿ ಲೈಟ್ ಆರಿಸೋ ಹೊತ್ತು ಬೇರೆ ಆಗಿತ್ತು. ರಾತ್ರಿಯೆಲ್ಲಾ ಅದೇ ತಲೇಲಿತ್ತು, ಬೆಳಗ್ಗೆ ಎದ್ದವನೇ ಬರೀತಿದೀನಿ.

ನೀನು ತಪ್ಪು ನುಡಿಸ್ತಿಲ್ಲ ಕಣೇ. ಟ್ಯಾಬ್ ಅಂದ್ರೆ ಹಾಡನ್ನ ಗೆರೆ, ನಂಬರಲ್ಲಿ ಬರೆದಿಟ್ಟಿರೋದು ಅಷ್ಟೇ, ಅದು ಹೇಳೋದೇ ಅರ್ಧ. ನಾಲ್ಕು ಗೆರೆ ಅಂದ್ರೆ ನಾಲ್ಕು ತಂತಿ, ಮೇಲಿನ ಗೆರೆ ಸಣ್ಣ ತಂತಿ ಜಿ, ಆಮೇಲೆ ಡಿ, ಎ, ಕೆಳಗಿನದು ದಪ್ಪ ತಂತಿ ಇ, ನಂಬರು ಅಂದ್ರೆ ಎಷ್ಟನೇ ಫ್ರೆಟ್, ಅಂದ್ರೆ ಕತ್ತಿನ ಮೇಲಿರೋ ಎಷ್ಟನೇ ಅಡ್ಡಪಟ್ಟಿ ಹತ್ರ ಒತ್ತಬೇಕು ಅಂತ, ಸೊನ್ನೆ ಇದ್ರೆ ಏನೂ ಒತ್ತದೆ ಸುಮ್ನೆ ಮೀಟೋದು. ಅಂದ್ರೆ ಬೆರಳು ಎಲ್ಲಿ ಇಡಬೇಕು ಅಂತ ಗೊತ್ತಾಯ್ತು. ಯಾವಾಗ ಇಡಬೇಕು, ಎಷ್ಟೊತ್ತು ಇಡಬೇಕು, ಯಾವಾಗ ಎತ್ತಬೇಕು? ಅದು ನೆಟ್ಟಲ್ಲಿ ಸಿಗೋ ಎಷ್ಟೋ ಟ್ಯಾಬಲ್ಲಿ ಇರೋದೇ ಇಲ್ಲ, ಅದನ್ನ ಕಿವಿಯೇ ಹೇಳಬೇಕು.

ನೀನು ಹಿಡಿದಿರೋ 'ಮನಿ' ಹಾಡನ್ನೇ ನೋಡು. ಪಿಂಕ್ ಫ್ಲಾಯ್ಡ್ ಬ್ಯಾಂಡ್‌ದು, 1973ರದ್ದು, ಬೇಸ್ ನುಡಿಸಿರೋದು ರಾಜರ್ ವಾಟರ್ಸ್. ಶುರುವಲ್ಲಿ ಚಿಲ್ಲರೆ ಕಾಸು, ಕ್ಯಾಶ್ ರಿಜಿಸ್ಟರು, ಕಾಗದ ಹರಿಯೋದು ಇವೆಲ್ಲ ಕೇಳಿಸುತ್ತಲ್ಲ, ಅವು ಟೇಪ್ ತುಂಡುಗಳನ್ನ ಅಳತೆ ಮಾಡಿ ಕತ್ತರಿಸಿ ಅಂಟಿಸಿ ಸುತ್ತು ಹಾಕಿದ್ದು, ಒಂದು ಸುತ್ತಿಗೆ ಏಳು ಶಬ್ದ. ಬೇಸ್ ಬರೋದೂ ಆ ಏಳರ ಮೇಲೇ. ಈಗ ನಿನ್ನ ಟ್ಯಾಬ್ ಎಣಿಸು: ಎ ತಂತಿ 2, ಜಿ ತಂತಿ 4, ಡಿ ತಂತಿ 4, ಮತ್ತೆ ಎ ತಂತಿ 2, ಇ ತಂತಿ 2, ಇ ತಂತಿ 5, ಎ ತಂತಿ 2, ಎ ತಂತಿ 5. ಒಟ್ಟು ಎಂಟು ನಂಬರು ಇದೆ, ಎಣಿಕೆ ಮಾತ್ರ ಏಳು. ನೀನು ಎಂಟನ್ನೂ ಒಂದೇ ಸಮ ದೂರದಲ್ಲಿ ನುಡಿಸ್ತಿದೀಯ, ಹಾಗಾಗಿ ಅದು ನಾಲ್ಕು ನಾಲ್ಕರ ಬೇರೆ ಯಾವುದೋ ಹಾಡಾಗಿಬಿಡ್ತಿದೆ. ಆ 4, 4 ಎರಡೂ ಸೇರಿ ಎರಡನೇ ಎಣಿಕೆ ಒಳಗೆ ಕೂರಬೇಕು, ಅದೂ ಸಮಪಾಲಲ್ಲ, ಮೊದಲನೇದು ಸ್ವಲ್ಪ ಉದ್ದ, ಎರಡನೇದು ಗಿಡ್ಡ.

ಚಿಕ್ಕೋಳಿದ್ದಾಗ ಅಜ್ಜಿ ನಿನ್ನನ್ನ ಪಕ್ಕ ಕೂರಿಸ್ಕೊಂಡು ಮಿಶ್ರ ಛಾಪು ತಾಳ ಹೇಳಿಕೊಡ್ತಿದ್ರಲ್ಲ, ತಕಿಟ ತಕದಿಮಿ, ಮೂರು ಮತ್ತೆ ನಾಲ್ಕು. ಅದನ್ನ ಬಾಯಲ್ಲಿ ಹೇಳ್ತಾ ಈ ಹಾಡು ಕೇಳು ಪುಟ್ಟಿ, ಮೈ ಜುಂ ಅನ್ನುತ್ತೆ. ತಕಿಟದಲ್ಲಿ ಬಿ ಸ್ವರದಿಂದ, ಅಂದ್ರೆ ಎ ತಂತಿ 2ರಿಂದ, ಹೊರಟು ಮೇಲಿನ ಬಿ ಮುಟ್ಟಿ ಮತ್ತೆ ಕೆಳಗಿನ ಬಿಗೇ ಬಂದು ಕೂರುತ್ತೆ, ತಕದಿಮಿಯಲ್ಲಿ ಇನ್ನೂ ಕೆಳಗಿಳಿದು ಒಂದೊಂದೇ ಮೆಟ್ಟಲು ಹತ್ತುತ್ತೆ. ಆ ಬ್ಯಾಂಡಿನವರೇನು ನಮ್ಮ ತಾಳ ನೋಡಿ ಮಾಡಿದ್ದಲ್ಲ, ಆದ್ರೆ ನಿನ್ನ ಕೈಗೆ ಈ ಏಳು ಆಗಲೇ ಗೊತ್ತಿದೆ, ಅದನ್ನ ಯಾಕೆ ಬಿಡ್ತೀಯ. ಗಿಟಾರ್ ಸೋಲೋ ಬರೋವಾಗ ಹಾಡು ನಾಲ್ಕರ ಲೆಕ್ಕಕ್ಕೆ ಹೊರಳುತ್ತೆ, ಅಲ್ಲಿಗೆ ಈಗಲೇ ಹೋಗಬೇಡ.

ನಾನು ಇದನ್ನ ಕಲಿತಿದ್ದು ಕಾಲೇಜಲ್ಲಿ, 1999ರಲ್ಲಿ, ಸೈಬರ್ ಕೆಫೆಯಲ್ಲಿ ತೆಗೆಸಿದ ಒಂದು ಪ್ರಿಂಟೌಟ್ ಇಟ್ಕೊಂಡು. ಟ್ಯಾಬ್ ಅಂದ್ರೆ ಬರೀ ಅಡ್ಡಗೀಟು ಮತ್ತು ಅಂಕಿ, ಎಲ್ಲಾ ಅಕ್ಷರಕ್ಕೂ ಒಂದೇ ಅಗಲ ಇರೋ ಫಾಂಟಲ್ಲಿ ಮಾತ್ರ ಅದು ಸಾಲಾಗಿ ಕೂರುತ್ತೆ. ನನ್ನ ಪ್ರಿಂಟಲ್ಲಿ ಗೀಟು ಗಿಡ್ಡ, ಅಂಕಿ ಅಗಲ, ಹಾಗಾಗಿ ಸಾಲೆಲ್ಲಾ ಸರಿದುಹೋಗಿ ಆ ಎರಡು 4ರಲ್ಲಿ ಯಾವುದು ಮುಂಚೆ ಅಂತ ತಿಳೀಲಿಲ್ಲ. ನಾನು ಡಿ ತಂತೀನ ಮೊದಲು ಮೀಟೋದು ರೂಢಿ ಮಾಡ್ಕೊಂಡೆ. ಆರು ತಿಂಗಳು ಹಾಗೇ ನುಡಿಸಿದೆ, ಆಮೇಲೆ ಒಂದಿನ ಹೆಡ್‌ಫೋನ್ ಹಾಕ್ಕೊಂಡು ಕ್ಯಾಸೆಟ್ ಕೇಳ್ದಾಗ ಗೊತ್ತಾಯ್ತು ಉಲ್ಟಾ ಅಂತ, ಕಲಿಯೋಕಿಂತ ಆ ತಪ್ಪನ್ನ ಕೈಯಿಂದ ಬಿಡಿಸೋದಕ್ಕೆ ಹೆಚ್ಚು ದಿನ ಹಿಡೀತು. ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು, ಮೊದಲು ಹಾಡು ಬಾಯಲ್ಲಿ ಬರಲಿ, ಬೇಸ್ ಸಾಲನ್ನ ಗುನುಗೋಕೆ ಬಂದಮೇಲೇ ಟ್ಯಾಬ್ ತೆಗಿ.

ಮನಿ ಬೇಜಾರಾದ್ರೆ ನಾಲ್ಕು ದಿನ ಪಕ್ಕಕ್ಕಿಟ್ಟು ಕ್ವೀನ್ ಬ್ಯಾಂಡ್‌ದು 'ಅನದರ್ ಒನ್ ಬೈಟ್ಸ್ ದ ಡಸ್ಟ್' ಹಿಡಿ, 1980ರದ್ದು, ಬರೆದಿದ್ದೂ ಬೇಸ್ ನುಡಿಸಿದ್ದೂ ಜಾನ್ ಡೀಕನ್ನೇ. ದಪ್ಪ ತಂತಿ ಮೇಲೆ 5, 3, 0, 0, 0. ಆ 5ರ ಸ್ವರ ಪಕ್ಕದ ಎ ತಂತೀನ ಹಾಗೇ ಮೀಟಿದ್ರೂ ಸಿಗುತ್ತೆ, ಅದಕ್ಕೇ ಎರಡು ಟ್ಯಾಬ್ ನೋಡಿದ್ರೆ ಎರಡು ತರ ಇರಬಹುದು, ಗಾಬರಿ ಆಗಬೇಡ. ಇಲ್ಲಿ ಕಷ್ಟ ಇರೋದು ಸೊನ್ನೇಲೇ. ಮೀಟಿ ಬಿಟ್ರೆ ತಂತಿ ಗುಂಯ್ ಅಂತ ಇರುತ್ತೆ, ಪ್ರತೀ ಸಲ ಎಡಗೈ ಬೆರಳನ್ನ ಒತ್ತದೆ ಸುಮ್ನೆ ತಂತಿ ಮೇಲೆ ತಾಗಿಸಿ ಸದ್ದು ನಿಲ್ಲಿಸು. ಮೂರು ಏಟಾದ ಮೇಲೆ ಬರೋ ಆ ಖಾಲಿ ಜಾಗ ಖಾಲಿಯಾಗೇ ಇರಬೇಕು, ನಂಗಂತೂ ಆ ಹಾಡಲ್ಲಿ ಎಲ್ಲಕ್ಕಿಂತ ಇಷ್ಟ ಅದೇ.

ಬೆರಳ ತುದಿ ಬೊಬ್ಬೆ ಚಿವುಟಬೇಡ. ದಿನಾ ಅರ್ಧ ಗಂಟೆ ಸಾಕು, ನಿಧಾನಕ್ಕೆ.

ಶನಿವಾರ ಬರ್ತೀಯಲ್ಲ, ಅಜ್ಜಿಗೆ ಹೇಳಿದೀನಿ, ತಾಳ ನಾನು ಹಾಕ್ತೀನಿ ಬರಲಿ ಅಂದ್ರು. ಬೇಸ್ ಕವರಿನ ಸೈಡ್ ಜಿಪ್ಪಲ್ಲಿರೋ ಕೇಬಲ್ ಮರೀದೆ ತಗೊಂಡು ಬಾ, ಮನೇಲಿರೋದು ಕರಕರ ಅಂತಿದೆ.

ನಿನ್ನ ಅಪ್ಪ